ಕಾಲು ಜಾರಿತೆಂದು ಬರೆಸಿದ್ದು

ಆದೇಶದ ಮೂರನೆಯ ಪುಟದಲ್ಲಿ ತಮ್ಮದೇ ವಾಕ್ಯ ಕಣ್ಣಿಗೆ ಬಿದ್ದಾಗ ಅರ್ಜಿ ಮೇಷ್ಟ್ರಿಗೆ ಮೊದಲು ಆದದ್ದು ಸಂತೋಷ. ನಲವತ್ತು ವರ್ಷ ಪರರಿಗಾಗಿ ಅರ್ಜಿ ಬರೆದ ಕೈ ಅದು. ಯಾವ ಕಚೇರಿಯೂ ಒಂದು ದಿನವೂ ಅವರ ಮಾತನ್ನು ಹೀಗೆ ಎತ್ತಿ ಬರೆದು ಗೌರವಿಸಿರಲಿಲ್ಲ. ‘ನನ್ನ ಮಗನು ಶಿಸ್ತಿನ ಮನುಷ್ಯ. ಬೆಳಿಗ್ಗೆ ಐದಕ್ಕೆ ಏಳುತ್ತಾನೆ. ದುಶ್ಚಟಗಳಿಲ್ಲ. ಹೆಂಡತಿ ಮಗಳನ್ನು ಕಣ್ಣರೆಪ್ಪೆಯಂತೆ ಕಾಯುತ್ತಾನೆ. ಇಂದಿಗೂ ಯಾರ ಮುಂದೆಯೂ ದನಿ ಎತ್ತಿದವನಲ್ಲ.’

ಅದರ ಕೆಳಗಿನ ಸಾಲನ್ನು ಎರಡು ಸಲ ಓದಿದರು. ‘ಅರ್ಜಿದಾರರ ತಂದೆಯ ಈ ಹೇಳಿಕೆಯಿಂದಲೇ, ಕಾಯಿಲೆಯು ಅರ್ಜಿದಾರರ ದಿನನಿತ್ಯದ ಬದುಕಿಗೆ ಹೆಚ್ಚಿನ ಅಡ್ಡಿಯನ್ನು ಉಂಟುಮಾಡಿಲ್ಲವೆಂದು ಸ್ಪಷ್ಟವಾಗುತ್ತದೆ. ನ್ಯೂನತೆಯ ಪ್ರಮಾಣ ಶೇಕಡಾ ಮೂವತ್ತು ಎಂಬ ಹಿಂದಿನ ನಿರ್ಣಯವನ್ನು ಎತ್ತಿಹಿಡಿಯಲಾಗಿದೆ.’

ಮಗ ಯುದ್ಧದಿಂದ ಹಿಂತಿರುಗಿ ಆರು ವರ್ಷವಾಗಿತ್ತು. ಕೈಕಾಲು ನೆಟ್ಟಗೆ ಬಂದವು, ಮನಸ್ಸು ಅಲ್ಲೇ ಎಲ್ಲೋ ಉಳಿಯಿತು. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಇಂಥವರಿಗೆಂದೇ ಒಂದು ವಾರ್ಡು ಇದೆ, ಆರು ತಿಂಗಳು ಒಳಗೇ ಇಟ್ಟುಕೊಂಡು ನೋಡುತ್ತಾರೆ. ಅಲ್ಲಿ ಹಾಸಿಗೆ ಸಿಗಬೇಕಾದರೆ ಕಾಯಿಲೆ ನೂರಕ್ಕೆ ಐವತ್ತಾದರೂ ಇದೆಯೆಂದು ನ್ಯೂನತೆ ಅಳೆಯುವ ಮಂಡಳಿ ಬರೆದುಕೊಡಬೇಕು. ಹೊರರೋಗಿ ವಿಭಾಗದ ವೈದ್ಯೆ ಮೇಷ್ಟ್ರನ್ನು ಒಬ್ಬರನ್ನೇ ಒಳಗೆ ಕರೆದು, ಮಾತ್ರೆಯಿಂದ ಆಗುವಷ್ಟು ಆಗಿದೆ, ಇನ್ನು ವಾರ್ಡು ಸಿಗದಿದ್ದರೆ ತಾನು ಯಾವ ಭರವಸೆಯನ್ನೂ ಕೊಡಲಾರೆ ಎಂದಿದ್ದರು. ಆ ಮಾತಿನ ಅರ್ಥವೇನೆಂದು ಮೇಷ್ಟ್ರು ಕೇಳಲಿಲ್ಲ. ಕೇಳದೆಯೇ ತಿಳಿಯುವ ಮಾತುಗಳು ಕೆಲವು ಇರುತ್ತವೆ.

ಆದೇಶದ ಪ್ರತಿ ಕೊಟ್ಟ, ಕಚೇರಿಯ ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತೆ ಅವರನ್ನು ಬಹಳ ವರ್ಷಗಳಿಂದ ಬಲ್ಲವಳು. ಆ ಕಚೇರಿಯ ಮೆಟ್ಟಿಲ ಕೆಳಗಿನ ಜಾಗದಲ್ಲಿ ಒಂದು ಮೇಜು ಹಾಕಿಕೊಂಡೇ ಮೇಷ್ಟ್ರು ಜೀವನ ಕಳೆದಿದ್ದರು. ಅವರ ಅರ್ಜಿಯ ಕಟ್ಟು ಊರಿಗೆಲ್ಲ ಗೊತ್ತು. ಮೊದಲ ಪುಟದಲ್ಲಿ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡು, ಎರಡನೆಯ ಪುಟದಲ್ಲಿ ಅವನ ಕಷ್ಟ ಹೇಳು, ಕೊನೆಗೆ ಕೈ ಚಾಚು. ಕೆಟ್ಟವನ ಕಷ್ಟಕ್ಕೆ ಯಾವ ಅಧಿಕಾರಿಯೂ ಕರಗುವುದಿಲ್ಲ ಎಂಬುದು ಅವರ ಸಿದ್ಧಾಂತ. ಆ ಕಟ್ಟಿನಲ್ಲಿ ಎಷ್ಟೋ ಜನಕ್ಕೆ ವರ್ಗಾವಣೆಯಾಗಿತ್ತು, ಪರವಾನಗಿ ಸಿಕ್ಕಿತ್ತು, ವಿಧವೆಯರಿಗೆ ಮಾಸಾಶನ ಬಂದಿತ್ತು. ಮಗನ ಅರ್ಜಿಯನ್ನು ಅವರು ಎಲ್ಲಕ್ಕಿಂತ ಚೆನ್ನಾಗಿ ಬರೆದಿದ್ದರು. ತಮ್ಮ ಕಾಲಿನ ಮೇಲೆ ತಾವೇ ಎಳೆದುಕೊಂಡ ಕಲ್ಲು ಎಷ್ಟು ನುಣುಪಾಗಿತ್ತೆಂದರೆ, ಬೀಳುವವರೆಗೂ ಅದು ಕಲ್ಲೆಂದೇ ಗೊತ್ತಾಗಲಿಲ್ಲ.

“ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ,” ಎಂದಳು ಗುಮಾಸ್ತೆ. “ನೀವು ಮದುವೆಗೆ ಗಂಡು ತೋರಿಸ್ತಿದ್ರೋ, ಕಾಯಿಲೆ ತೋರಿಸ್ತಿದ್ರೋ? ಇದನ್ನ ಓದಿದ್ರೆ ನನಗೇ ನನ್ನ ತಂಗೀನ ಕೊಡೋಣ ಅನ್ನಿಸುತ್ತೆ.”

ಮೇಷ್ಟ್ರು ನಗಲು ನೋಡಿದರು, ಆಗಲಿಲ್ಲ. ಅವಳೂ ನಗು ಬಿಟ್ಟು ದನಿ ತಗ್ಗಿಸಿ ವಿವರಿಸಿದಳು. ಇನ್ನೊಂದು ಮೇಲ್ಮನವಿಗೆ ಅವಕಾಶವಿದೆ, ಅದೇ ಕೊನೆಯದು. ಹನ್ನೊಂದು ದಿನ ಉಳಿದಿದೆ. ಈ ಸಲ ಮಂಡಳಿಯ ಮೂವರೂ ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ. ಹೇಳಿಕೆಯ ಪ್ರತಿ ಪುಟವನ್ನೂ ಅರ್ಜಿದಾರನೇ ಓದಿ ಸಹಿ ಹಾಕಬೇಕು.

“ಮನೇಲಿ ಏನಾಗುತ್ತೋ ಅದನ್ನ ಬರೀರಿ,” ಎಂದಳು. “ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ. ಆದ್ರೆ ಮಂಡಳಿಗೆ ಹೆಗ್ಗಣಾನೇ ಬೇಕು.”

ಮನೆಯಲ್ಲಿ ಏನಾಗುತ್ತದೆ? ಬಸ್ಸಿನಲ್ಲಿ ಕೂತು ಮೇಷ್ಟ್ರು ಅದನ್ನೇ ಯೋಚಿಸಿದರು. ಮಹಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಆರು ವರ್ಷದಿಂದ ಒಂದೇ ಸೂರಿನ ಕೆಳಗಿದ್ದಾರೆ. ಆದರೆ ಗೋಡೆಯಾಚೆ ಸದ್ದಾದಾಗ ಅವರು ಪ್ರಾರ್ಥನೆಯ ದನಿಯನ್ನು ಒಂದಿಷ್ಟು ಏರಿಸುತ್ತಿದ್ದರು. ದೇವರಿಗೆ ಕೇಳಲೆಂದು ಅಲ್ಲ, ತಮಗೆ ಕೇಳಬಾರದೆಂದು. ಇದನ್ನು ಅವರು ಆ ದಿನ ಬಸ್ಸಿನಲ್ಲಿ ಮೊದಲ ಬಾರಿಗೆ ಒಪ್ಪಿಕೊಂಡರು.

ಸೊಸೆ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವವಳು. ಮಧ್ಯಾಹ್ನದ ಬಿಡುವಿನಲ್ಲಿ ಮೇಷ್ಟ್ರು ಅಲ್ಲಿಗೇ ಹೋದರು. ಮನೆಯಲ್ಲಿ ಕೇಳುವ ಮಾತಲ್ಲ ಅದು. ಒಳಗೆಲ್ಲ ಹಬೆ, ಒದ್ದೆ ಹತ್ತಿಯ ವಾಸನೆ. ಮಡಿಸಿದ ಹೋಟೆಲಿನ ಹಾಸುಬಟ್ಟೆಗಳು ಆಳೆತ್ತರ ನಿಂತಿದ್ದವು. ಆದೇಶವನ್ನು ಓದಿ ಮುಗಿಸಿ ಅವಳು ಮಾವನ ಮುಖ ನೋಡಲಿಲ್ಲ. ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿದು, ಬಿಡುವಿದ್ದರೂ ಕೆಲಸ ಮಾಡುತ್ತಲೇ, ಒಂದೊಂದಾಗಿ ಹೇಳತೊಡಗಿದಳು.

ಅವನು ಮಲಗುವುದು ಮಂಚದ ಮೇಲಲ್ಲ, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ. ಅದೂ ಒಂದೋ ಒಂದೂವರೆಯೋ ಗಂಟೆ. ಬೀದಿಯಲ್ಲಿ ಲಾರಿಯ ಹಿಂಬಾಗಿಲು ಬಿದ್ದರೆ ಮಗಳನ್ನು ಎಳೆದು ಮಂಚದ ಕೆಳಗೆ ತಳ್ಳಿ ಅವಳ ಬಾಯಿ ಮುಚ್ಚಿ ಹಿಡಿಯುತ್ತಾನೆ. ಎಂಟು ವರ್ಷದ ಹುಡುಗಿ ಈಗ ಪಕ್ಕದ ಮನೆಯ ಅಜ್ಜಿಯ ಹತ್ತಿರ ಮಲಗುತ್ತಾಳೆ. ಉಗ್ರಾಣದ ಕೆಲಸ ಬಿಟ್ಟದ್ದು ಸಂಬಳ ಸಾಲದೆ ಅಲ್ಲ. ಹಿಂದಿನಿಂದ ಬಂದು ಹೆಗಲು ಮುಟ್ಟಿದ ಮೇಲ್ವಿಚಾರಕನನ್ನು ಮೂಟೆಗಳ ಮೇಲೆ ಕೆಡವಿದ್ದಕ್ಕೆ. ಸ್ನಾನಕ್ಕೆ ಹೋದವನು ಎರಡು ಗಂಟೆ ಹೊರಬರುವುದಿಲ್ಲ. ಅಷ್ಟು ಹೊತ್ತೂ ಅವಳು ಬಾಗಿಲ ಹೊರಗೆ ಕೂತು, ಏನಾದರೊಂದು ನೆಪ ಮಾಡಿ ಮಾತಾಡಿಸುತ್ತಿರುತ್ತಾಳೆ. ಉತ್ತರ ಬಂದರೆ ಉಸಿರಾಡುತ್ತಾಳೆ.

“ನನಗೆ ಇಷ್ಟೆಲ್ಲ ಗೊತ್ತಿರಲಿಲ್ಲವಲ್ಲ ಮಗಳೇ,” ಎಂದರು ಮೇಷ್ಟ್ರು.

“ನೀವು ಕೇಳಲೇ ಇಲ್ಲ ಮಾವ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಷ್ಟ್ರಿಗೆ ಸುಲಭವಾಗುತ್ತಿತ್ತು.

ನಾಲ್ಕು ದಿನ ಕೂತು ಬರೆದರು. ಕೈ ಹಳೆಯ ಅಭ್ಯಾಸ ಬಿಡಲಿಲ್ಲ. ‘ಕೆಲವೊಮ್ಮೆ ಸ್ವಲ್ಪ ವಿಚಲಿತನಾಗುತ್ತಾನೆ’ ಎಂದು ಬರೆಯುತ್ತಿತ್ತು. ‘ನಿದ್ರೆಯ ಅಭಾವದಿಂದ ಬಳಲುತ್ತಾನೆ’ ಎನ್ನುತ್ತಿತ್ತು. ಸೊಸೆ ಓದಿ ಹಾಳೆಯನ್ನು ಹಿಂದಕ್ಕೆ ಕೊಟ್ಟು, ಇದು ಯಾರೋ ಪರೀಕ್ಷೆಗೆ ಓದೋ ಹುಡುಗನ ಕತೆ, ನನ್ನ ಗಂಡನದಲ್ಲ, ಎಂದಳು. ಕಡೆಗೆ ಅವಳು ಹೇಳುವುದು, ಅವರು ಹೇಳಿದಂತೆಯೇ ಬರೆಯುವುದು ಎಂದಾಯಿತು. ಬೇರೆಯವರ ಮಾತನ್ನು ತಿದ್ದದೆ ಬರೆದದ್ದು ಮೇಷ್ಟ್ರ ಜೀವನದಲ್ಲಿ ಅದೇ ಮೊದಲು. ಆರು ಪುಟವಾಯಿತು.

ಆರನೆಯ ಪುಟ ಮುಗಿದಾಗ ಅವಳು ಹಾಳೆಗಳನ್ನು ಎಣಿಸಿ, “ಮೆಟ್ಟಿಲಿನ ವಿಷಯ ಬರೀಲಿಲ್ಲ ನೀವು,” ಎಂದಳು.

ಮೇಷ್ಟ್ರು ಲೇಖನಿಯ ಮುಚ್ಚಳ ಹಾಕಿದರು.

ಎರಡು ವರ್ಷದ ಹಿಂದಿನ ಮಾತು. ಒಂದು ಮಧ್ಯಾಹ್ನ ಮಗ ಮೆಟ್ಟಿಲ ತುದಿಯ ಹಜಾರದಲ್ಲಿ ಗೋಡೆಗೊರಗಿ ತೂಕಡಿಸುತ್ತಿದ್ದ. ಅವನನ್ನು ಎಬ್ಬಿಸಬೇಕಾದರೆ ದೂರ ನಿಂತು ಹೆಸರು ಹಿಡಿದು ಕೂಗಬೇಕು, ಮುಟ್ಟಬಾರದು ಎಂದು ಮನೆಯವರೆಲ್ಲ ಬಲ್ಲರು. ಆದರೆ ಅವನಿಗೊಂದು ಕೆಲಸ ಸಿಕ್ಕಿದೆಯೆಂಬ ಸುದ್ದಿ ಹೊತ್ತು ಮೇಷ್ಟ್ರು ಬಂದಿದ್ದರು. ಖುಷಿಯಲ್ಲಿ ಹೆಗಲ ಮೇಲೆ ಕೈಯಿಟ್ಟುಬಿಟ್ಟರು. ಆಮೇಲೆ ನೆನಪಿರುವುದು ಇಷ್ಟೇ: ಮಗನ ತೆರೆದ ಕಣ್ಣು, ಆ ಕಣ್ಣಿನಲ್ಲಿ ತಾವು ಇರಲಿಲ್ಲ. ತಿರುಚಿದ ತೋಳಿನಿಂದ ಬಂದ ಸದ್ದು. ಹದಿನಾಲ್ಕು ಮೆಟ್ಟಿಲು. ಒಗೆದ ಬಟ್ಟೆ ಹಿಡಿದು ಮೇಲೆ ಬರುತ್ತಿದ್ದ ಸೊಸೆ ಎಲ್ಲವನ್ನೂ ನೋಡಿದ್ದಳು. ಮಗನಿಗೆ ಪೂರ್ತಿ ಎಚ್ಚರವಾದದ್ದು ಅಪ್ಪ ಕೆಳಗೆ ಬಿದ್ದು ನರಳುವುದನ್ನು ಕೇಳಿದ ಮೇಲೆ. ಓಡಿ ಇಳಿದು, ತೋಳಲ್ಲಿ ಎತ್ತಿಕೊಂಡು, ಅರ್ಧ ಮೈಲಿ ದೂರದ ಆಸ್ಪತ್ರೆಗೆ ನಡೆದೇ ಹೋದ. ಅಲ್ಲಿ ಕೇಳಿದಾಗ ಮೇಷ್ಟ್ರು, ಮೆಟ್ಟಿಲು ಒದ್ದೆಯಾಗಿತ್ತು, ಕಾಲು ಜಾರಿತು, ಎಂದು ಬರೆಸಿದರು. ಮಗ ಅದನ್ನೇ ನಂಬಿದ. ಮಾವ ಸೊಸೆ ಆ ವಿಷಯವನ್ನು ಅಂದಿನಿಂದ ತಮ್ಮತಮ್ಮಲ್ಲೂ ಎತ್ತಿರಲಿಲ್ಲ.

ಅದು ಬೇಡ, ಎಂದರು ಮೇಷ್ಟ್ರು. ಅವನು ಪ್ರತಿ ಪುಟ ಓದಿ ಸಹಿ ಹಾಕಬೇಕಲ್ಲ. ಎಲ್ಲವನ್ನೂ ಕಳೆದುಕೊಂಡವನಿಗೆ ಒಂದೇ ಒಂದು ಅಭಿಮಾನ ಉಳಿದಿದೆ. ತನ್ನವರ ಮೇಲೆ ಕೈ ಎತ್ತಿಲ್ಲ ಎನ್ನುವುದು. ಉಗ್ರಾಣದ ಮೇಲ್ವಿಚಾರಕ ಹೊರಗಿನವನು. ಮಗಳ ಬಾಯಿ ಮುಚ್ಚಿದ್ದು ಅವಳನ್ನು ಉಳಿಸಲಿಕ್ಕೆ. ಅಪ್ಪನ ತೋಳು ಮುರಿದದ್ದು ತಾನೇ ಎಂದು ತಿಳಿದರೆ ಅವನು ಸ್ನಾನದ ಕೋಣೆಯಿಂದ ಹೊರಗೆ ಬರುತ್ತಾನೆಂದು ಯಾರು ಹೇಳಬೇಕು? ಸೊಸೆ ವಾದ ಮಾಡಲಿಲ್ಲ.

ಮಗ ಆರೂ ಪುಟ ಓದಿದ. ಗೋಡೆಗೆ ಬೆನ್ನು ಕೊಟ್ಟು ನಿಂತೇ ಓದಿದ. ಪ್ರತಿ ಪುಟದ ಕೆಳಗೆ ಒಂದೇ ಅಳತೆಯ ಸಹಿ ಹಾಕಿ, ಹಾಳೆಗಳ ಅಂಚು ಸರಿಮಾಡಿ, ಅಪ್ಪನ ಮುಂದಿಟ್ಟು, “ನಾನು ಇಷ್ಟು ಕಷ್ಟ ಕೊಡ್ತೀನಿ ಅಂತ ಗೊತ್ತಿರಲಿಲ್ಲ,” ಎಂದಷ್ಟೇ ಹೇಳಿದ.

ಮಂಡಳಿಯ ಎದುರು ಹೋಗುವ ದಿನ ಅವನು ಷರ್ಟನ್ನು ತಾನೇ ಇಸ್ತ್ರಿ ಮಾಡಿಕೊಂಡ. ಶೂ ಕನ್ನಡಿಯಂತಿತ್ತು. ಗಡ್ಡ ಎರಡು ಸಲ ಬೋಳಿಸಿಕೊಂಡಿದ್ದ. ಹಾಗೆ ಹೋಗಬೇಡ ಎಂದು ಹೇಳಲು ಸೊಸೆಗೆ ಬಾಯಿ ಬರಲಿಲ್ಲ, ಮೇಷ್ಟ್ರಿಗೂ ಬರಲಿಲ್ಲ. ಹರಕು ಬಟ್ಟೆ ಹಾಕ್ಕೊಂಡು ಬಾ ಮಗನೇ ಎಂದು ಯಾವ ತಂದೆ ಹೇಳಿಯಾನು.

ಉದ್ದದ ಕೋಣೆ. ಮೇಜಿನಾಚೆ ಮೂವರು: ನಡುವೆ ಕಾನೂನು ಬಲ್ಲ ಅಧ್ಯಕ್ಷೆ, ಒಂದು ಕಡೆ ನಿವೃತ್ತ ಸೇನಾಧಿಕಾರಿ, ಇನ್ನೊಂದು ಕಡೆ ದಪ್ಪ ಕನ್ನಡಕದ ವೈದ್ಯರು. ಅಧಿಕಾರಿಯನ್ನು ಕಂಡದ್ದೇ ಮಗನ ಬೆನ್ನು ಸೆಟೆಯಿತು, ಕುರ್ಚಿ ತೋರಿಸಿದರೂ ಕೂರಲಿಲ್ಲ. ನಿದ್ರೆ ಹೇಗಿದೆ ಎಂದು ಕೇಳಿದರೆ, ಚೆನ್ನಾಗಿದೆ ಸರ್. ಮನೆಯಲ್ಲಿ ಹೇಗೆ? ತೊಂದರೆ ಇಲ್ಲ ಸರ್. ಕೆಲಸ? ಹುಡುಕ್ತಿದ್ದೀನಿ ಸರ್. ಮೇಲಿನವರು ಕೇಳಿದರೆ ನೋವೆಂದು ಹೇಳಬಾರದೆಂಬುದನ್ನು ಹದಿನೆಂಟನೆಯ ವಯಸ್ಸಿನಿಂದ ಅವನ ಮೂಳೆಗೆ ಇಳಿಸಿದ್ದರು. ಇಳಿಸಿದವರೇ ಈಗ ಎದುರಿಗೆ ಕೂತು ಕೇಳುತ್ತಿದ್ದರು.

ಅಧಿಕಾರಿ ಆರು ಪುಟಗಳನ್ನು ತಿರುವಿ ಹಾಕುತ್ತ, ಕಾಗದ ಒಂದು ಹೇಳುತ್ತದೆ, ಮನುಷ್ಯ ಒಂದು ಹೇಳುತ್ತಾನೆ, ಹಿಂದಿನ ಅರ್ಜಿಯಲ್ಲಿ ಇದೇ ತಂದೆ ಬೇರೆಯೇ ಬರೆದಿದ್ದಾರೆ, ಎಂದರು. ಅಧ್ಯಕ್ಷೆ ಗಡಿಯಾರ ನೋಡಿದರು. ಕೊನೆಗೆ ವೈದ್ಯರು ಮುಂದಕ್ಕೆ ಬಾಗಿ, ಮನೆಯವರ ಮೇಲೆ ಎಂದಾದರೂ ಕೈ ಮಾಡಿದ್ದುಂಟೇ ಎಂದು ಮೆಲ್ಲಗೆ ಕೇಳಿದರು.

ಮಗ ಆ ದಿನ ಮೊದಲ ಬಾರಿಗೆ ಕಣ್ಣೆತ್ತಿ ನೋಡಿದ.

“ಇಲ್ಲ ಸರ್. ನಮ್ಮವರ ಮೇಲೆ ಇವತ್ತಿನವರೆಗೂ ಕೈ ಎತ್ತಿಲ್ಲ.”

ಅವನು ಆ ಕೋಣೆಯಲ್ಲಿ ಮನಸಾರೆ ಹೇಳಿದ ಮಾತು ಅದೊಂದೇ. ಅಧ್ಯಕ್ಷೆ ಕಡತವನ್ನು ಮುಚ್ಚಲು ಕೈ ಚಾಚಿದರು. ಇಷ್ಟೇ, ಮುಗಿಯಿತು ಎಂದು ಮೇಷ್ಟ್ರಿಗೆ ತಿಳಿಯಿತು. ಇವನನ್ನು ಈಗ ಮನೆಗೆ ಕರೆದುಕೊಂಡು ಹೋಗಬೇಕು, ಆ ಬಾಗಿಲ ಹೊರಗೆ ಸೊಸೆ ಕೂರಬೇಕು, ಒಂದು ದಿನ ಉತ್ತರ ಬರುವುದಿಲ್ಲ. ಇತ್ತ ಬಾಯಿಬಿಟ್ಟರೆ ಆ ದಿನ ಇವತ್ತೇ ಬರಬಹುದು. ದೇವರೇ, ಎರಡರಲ್ಲಿ ಒಂದನ್ನು ನೀನೇ ಆರಿಸು ಎಂದು ಬೇಡಿದರು. ದೇವರು ಆರಿಸಲಿಲ್ಲ. ಅಂಥ ಆಯ್ಕೆಗಳನ್ನು ಅವನು ಮನುಷ್ಯರಿಗೇ ಬಿಡುತ್ತಾನೆ.

ಮೇಷ್ಟ್ರು ಎದ್ದು ನಿಂತರು. “ಅಮ್ಮಾ, ಅದು ನಿಜ ಅಲ್ಲ. ಅವನು ಸುಳ್ಳು ಹೇಳ್ತಿಲ್ಲ. ಅವನಿಗೆ ಗೊತ್ತಿಲ್ಲ.”

ಹೇಳಿದರು. ಮಗನ ಕಡೆ ನೋಡದೆ, ಮೇಜಿನ ಅಂಚನ್ನೇ ನೋಡುತ್ತ, ಹಜಾರ, ಮಧ್ಯಾಹ್ನ, ಹೆಗಲು, ತೋಳು, ಹದಿನಾಲ್ಕು ಮೆಟ್ಟಿಲು, ಎಲ್ಲ ಹೇಳಿದರು. ಅಧಿಕಾರಿ ಕಡತದೊಳಗಿನ ಆಸ್ಪತ್ರೆಯ ಚೀಟಿ ಹುಡುಕಿ ತೆಗೆದು, ಇದರಲ್ಲಿ ಕಾಲು ಜಾರಿತೆಂದಿದೆ, ಇದೂ ನೀವೇ ಬರೆಸಿದ್ದಲ್ಲವೇ ಎಂದರು. ಹೌದು ಎಂದರು ಮೇಷ್ಟ್ರು.

“ಹಿರಿಯರೇ, ಮೂರು ಕಡೆ ಮೂರು ಮಾತು. ಯಾವುದನ್ನ ನಂಬಬೇಕು ನಾವು?”

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಸೊಸೆ ಎದ್ದುಬಂದಳು. ಚೀಲದೊಳಗಿಂದ ದೊಡ್ಡದೊಂದು ಲಕೋಟೆ ತೆಗೆದು ವೈದ್ಯರ ಮುಂದಿಟ್ಟಳು. ಎರಡು ವರ್ಷದ ಹಿಂದಿನ ಎಕ್ಸ್‌ರೇ. ಅದು ತಮ್ಮ ಪೆಟ್ಟಿಗೆಯ ತಳದಲ್ಲೇ ಇದೆಯೆಂದು ಮೇಷ್ಟ್ರು ತಿಳಿದಿದ್ದರು. ಅವಳು ಅದನ್ನು ಅವರನ್ನು ಕೇಳದೆಯೇ ತಂದಿದ್ದಳು. ನಾನು ಕೆಳಗಿನ ಮೆಟ್ಟಿಲಲ್ಲಿದ್ದೆ, ನೋಡಿದ್ದೇನೆ, ಎಂದಳು.

ವೈದ್ಯರು ಎದ್ದು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂಳೆಯನ್ನು ಸುತ್ತಿಕೊಂಡು ಬಳ್ಳಿಯಂತೆ ಏರಿದ ಒಂದು ಗೆರೆ. ಮೇಷ್ಟ್ರ ತೋಳನ್ನು ತಮ್ಮ ಕೈಗೆ ತೆಗೆದುಕೊಂಡು ಅಂಗೈಯನ್ನು ಮೇಲಕ್ಕೆ ತಿರುಗಿಸಿ ನೋಡಿದರು. ಅದು ಅರ್ಧಕ್ಕೇ ನಿಂತಿತು. ಬರೀ ಬಿದ್ದ ಪೆಟ್ಟಿಗೆ ಮೂಳೆ ಹೀಗೆ ಸೀಳುವುದು ಕಡಿಮೆ, ಇದು ತಿರುಚಿದ್ದಕ್ಕೆ ಸೀಳಿದ ಗುರುತು, ಎಂದು ಉಳಿದಿಬ್ಬರಿಗೆ ಹೇಳಿದರು.

ಆಗ ಮೇಷ್ಟ್ರು ಮಗನನ್ನು ನೋಡಿದರು. ಅವನು ಹಾಗೆಯೇ ನೆಟ್ಟಗೆ ನಿಂತಿದ್ದ. ದೃಷ್ಟಿ ಎದುರಿನ ಗೋಡೆಯ ಮೇಲೆ. ಕೈಬೆರಳುಗಳು ಮಾತ್ರ ಪ್ಯಾಂಟಿನ ಹೊಲಿಗೆಯ ಮೇಲೆ ನಿಲ್ಲದೆ ಆಡುತ್ತಿದ್ದವು. “ಹೊರಗೆ ಹೋಗ್ಬಹುದಾ ಸರ್?” ಎಂದು ಕೇಳಿದ. ಅಧಿಕಾರಿ ತಲೆಯಾಡಿಸಿದರು, ಅವನು ಸೆಲ್ಯೂಟ್ ಮಾಡಲಿಲ್ಲ.

ಸೊಸೆ ಅವನ ಹಿಂದೆಯೇ ಓಡಿದಳು. ಮೇಷ್ಟ್ರು ಹೊರಗೆ ಬಂದಾಗ ಮಗ ಪಡಸಾಲೆಯ ಬೆಂಚಿನ ಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಅವುಗಳ ಮೇಲೆ ಕೂತಿದ್ದ.

“ಆವತ್ತು ನಾನೇ ಎತ್ಕೊಂಡು ಹೋದೆನಲ್ಲ ಅಪ್ಪ. ದಾರಿ ಉದ್ದಕ್ಕೂ ನೀವು ನನಗೆ ಸಮಾಧಾನ ಹೇಳ್ತಿದ್ರಿ.”

“ಹೌದು ಮಗಾ.”

“ಏನೂ ಇಲ್ಲ, ಕಾಲು ಜಾರ್ತು ಅಂದ್ರಿ.”

ಮೇಷ್ಟ್ರು ಅವನ ಹತ್ತಿರ ಕೂರಲು ಹೋದರು. ಅವನು ಎದ್ದು ಬೆಂಚಿನ ಇನ್ನೊಂದು ತುದಿಗೆ ಹೋದ.

ಆಮೇಲಿನ ಐದು ವಾರ ಹೇಗೆ ಕಳೆಯಿತೆಂದು ಬರೆಯುವುದು ಕಷ್ಟ. ಮಗ ಯಾರನ್ನೂ ಬೈಯಲಿಲ್ಲ. ಅಪ್ಪನಿರುವ ಕೋಣೆಗೆ ಕಾಲಿಡಲಿಲ್ಲ, ಅಷ್ಟೇ. ತಟ್ಟೆ ಹಿಡಿದಾಗ ಬಿಟ್ಟರೆ ಕೈಗಳು ಸದಾ ಜೇಬಿನಲ್ಲಿ, ಇಲ್ಲವೇ ಕಂಕುಳಲ್ಲಿ. ಸ್ನಾನದ ಕೋಣೆಯ ಬಾಗಿಲ ಹೊರಗೆ ಈಗ ಇಬ್ಬರು ಕೂರುತ್ತಿದ್ದರು. ಸೊಸೆ ಮಾತಾಡಿಸುತ್ತಿದ್ದಳು, ಮೇಷ್ಟ್ರು ಅವಳ ಪಕ್ಕದಲ್ಲಿ ಉಸಿರು ಹಿಡಿದು, ತಾವು ಅಲ್ಲಿರುವುದು ಗೊತ್ತಾಗದಂತೆ ಕೂರುತ್ತಿದ್ದರು. ಪ್ರಾರ್ಥನೆಯನ್ನು ಜೋರಾಗಿ ಹೇಳುವುದನ್ನು ಬಿಟ್ಟಿದ್ದರು. ಒಳಗಿಂದ ಒಂದು ‘ಹ್ಞೂಂ’ ಬಂದರೆ ಅದೇ ಆ ದಿನದ ಪ್ರಸಾದ.

ಆರನೆಯ ವಾರ ಆದೇಶ ಬಂತು. ಶೇಕಡಾ ಅರವತ್ತು. ಗುಮಾಸ್ತೆ ಕಿಟಕಿಯಿಂದ ಕೈ ಹೊರಗೆ ಚಾಚಿ ಮೇಷ್ಟ್ರ ಕೈ ಹಿಡಿದು, ಫಸ್ಟ್ ಕ್ಲಾಸು ಮೇಷ್ಟ್ರೇ, ಎಂದಳು. ಅವರ ಮುಖ ನೋಡಿ ಕೈ ಬಿಟ್ಟಳು. ಮೂರೇ ದಿನದಲ್ಲಿ ವಾರ್ಡಿನಲ್ಲಿ ಹಾಸಿಗೆ ಸಿಕ್ಕಿತು.

ಮೊದಲ ತಿಂಗಳು ಯಾರನ್ನೂ ಬಿಡಲಿಲ್ಲ. ಎರಡನೆಯ ತಿಂಗಳ ಮೊದಲ ಭಾನುವಾರ ಮೇಷ್ಟ್ರು ಸೊಸೆಯ ಜೊತೆ ಹೋದರು. ಗೇಟಿನವನು ಹಲಗೆಗೆ ಸಿಕ್ಕಿಸಿದ ಪಟ್ಟಿ ನೋಡಿದ, ಮತ್ತೆ ನೋಡಿದ. ಅಜ್ಜಾ, ಒಳಗಿರುವವರು ಯಾರ ಹೆಸರು ಬರೆದಿರುತ್ತಾರೋ ಅವರನ್ನಷ್ಟೇ ಬಿಡೋದು, ಎಂದ. ಪಟ್ಟಿಯಲ್ಲಿ ಹೆಂಡತಿಯ ಹೆಸರಿತ್ತು, ಮಗಳ ಹೆಸರಿತ್ತು. ಹಾಳೆಯ ಕೆಳಗೆ ಅದೇ ಅಳತೆಯ ಸಹಿಯೂ ಇತ್ತು.

ಇದು ತಪ್ಪಿ ಹೋಗಿರಬೇಕು, ಕೇಳುತ್ತೇನೆ, ಎಂದು ಸೊಸೆ ಒಳಗೆ ಹೋದಳು. ಮೇಷ್ಟ್ರು ಗೇಟಿನ ಪಕ್ಕದ ಸಿಮೆಂಟಿನ ಕಟ್ಟೆಯ ಮೇಲೆ ಕೂತರು. ಐವತ್ತು ಕೊಡು ಎಂದು ದೇವರನ್ನು ಕೇಳಿದ್ದರು, ಅವನು ಅರವತ್ತು ಕೊಟ್ಟಿದ್ದ. ಇನ್ನೇನು ಕೇಳುವುದೆಂದು ತಿಳಿಯದೆ ಸುಮ್ಮನೆ ಕೂತಿದ್ದರು. ಒಂದು ಗಂಟೆ ಕಳೆದು ಅವಳು ಹೊರಗೆ ಬಂದಳು. ಇಬ್ಬರೂ ಬಸ್ಸಿನ ನಿಲ್ದಾಣದ ಕಡೆ ನಡೆದರು.

ಸಣ್ಣಗಾಗಿದ್ದಾರೆ, ಆದರೆ ಕಣ್ಣು ತಿಳಿಯಾಗಿದೆ, ಎಂದಳು. ಮಗಳ ಚಿತ್ರ ಗೋಡೆಗೆ ಅಂಟಿಸಿಕೊಂಡಿದ್ದಾರೆ. ಮೊನ್ನೆ ಒಂದೇ ಸಮನೆ ಮೂರು ಗಂಟೆ ನಿದ್ದೆ ಮಾಡಿದರಂತೆ, ಮಂಚದ ಮೇಲೆಯೇ, ನರ್ಸು ಹೇಳಿದಳು.

ಮೇಷ್ಟ್ರು ನಾಲ್ಕು ಹೆಜ್ಜೆ ನಡೆದು, “ನನ್ನ ವಿಷಯ?” ಎಂದರು.

“ಕೇಳಿದ್ರು.”

“ಕೇಳಿದ್ನಾ?”

ಅವಳು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. ನಿಲ್ದಾಣ ತಲುಪಿದರು.

“ಇಲ್ಲ ಮಾವ. ಕೇಳ್ಲಿಲ್ಲ. ಪಟ್ಟಿ ವಿಷಯ ನಾನು ಎತ್ತಿದ್ದಕ್ಕೆ ಎದ್ದು ಕಿಟಕಿ ಹತ್ತಿರ ಹೋಗ್ಬಿಟ್ರು.”

ಮೇಷ್ಟ್ರು ತಲೆಯಾಡಿಸಿದರು. ತಿರುವಿನಲ್ಲಿ ಬಸ್ಸು ಕಾಣಿಸಿತು.

“ಮೂರು ಗಂಟೆ ನಿದ್ದೆ ಅಂದ್ಯಲ್ಲ, ಅದು?”

“ಅದು ನಿಜ,” ಎಂದಳು ಸೊಸೆ.